ಜೇಬಿಲ್ಲದ ಕೋಟು

"ಈ ಸೂಟಿನ ಜೇಬುಗಳನ್ನೆಲ್ಲ ಹೊಲಿದು ಮುಚ್ಚಿಬಿಡಿ."

ಎಲ್ಪಿಡಾ ತಲೆ ಎತ್ತಿದಳು. ಉತ್ತರ ಲಂಡನ್ನಿನ ಆ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಸೋದರತ್ತೆ ಆಂಡ್ರೂಲಾಳ ಪಕ್ಕ ಕೂತು ವರ್ಷಗಟ್ಟಲೆ ಊರಿನವರ ಬಟ್ಟೆ ಸರಿಮಾಡಿ ಕೊಟ್ಟವಳು ಅವಳು. ಜೇಬು ದೊಡ್ಡದು ಮಾಡಿ ಅಂದವರಿದ್ದರು, ತೂತು ಮುಚ್ಚಿ ಅಂದವರಿದ್ದರು. ಜೇಬೇ ಬೇಡ ಅಂದವನು ಇವನೊಬ್ಬನೇ.

"ಯಾಕೆ, ಮನೇಲಿ ಹೆಂಡತಿ ಜೇಬು ತಡಕ್ತಾರಾ?"

"ಹೆಂಡತಿ ಇಲ್ಲ. ಕ್ಯಾಸಿನೊದಲ್ಲಿ ಡೀಲರ್ ನಾನು, ಜೂಜಿನ ಮೇಜು ನಡೆಸೋನು. ದಿನವಿಡೀ ದುಡ್ಡಿನ ಬಿಲ್ಲೆ ಮುಟ್ಟೋರಿಗೆ ಜೇಬು ಇರಬಾರದು."

ಹಾಗೆಂದ ಆ ಗಿರಾಕಿ, ಎಮ್ರಿಸ್, ಅಂಗೈಗಳನ್ನು ಒಮ್ಮೆ ತಟ್ಟಿ, ಎರಡನ್ನೂ ಮಗುಚಿ ತೋರಿಸಿದ. ಕೈಯಲ್ಲಿ ಏನೂ ಇಲ್ಲ ಅಂತ ಮೇಲಿನ ಕ್ಯಾಮೆರಾಗೆ ತೋರಿಸದೆ ಡೀಲರುಗಳು ಮೇಜು ಬಿಟ್ಟು ಕದಲುವಂತಿಲ್ಲವಂತೆ. ಎಮ್ರಿಸ್‌ಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಕೌಂಟರಿನ ಮೇಲೆ ಬಟ್ಟೆ ಇಟ್ಟು ಹೊರಡುವಾಗಲೂ ಕೈ ತೋರಿಸಿಯೇ ಹೊರಟ.

ಎಲ್ಪಿಡಾಗೆ ನಗು ಬಂತು. ಅವನು ಹೋದ ಮೇಲೂ ಆ ನಗು ಮುಖದಲ್ಲೇ ಉಳಿದಿತ್ತು. ಅತ್ತೆ ಅದನ್ನು ನೋಡಿಯೂ ನೋಡದವಳಂತೆ ಸೂಜಿಗೆ ದಾರ ಪೋಣಿಸಿದಳು.

ಆಮೇಲೆ ಅವನು ಗುಂಡಿ ಬಿತ್ತು ಅಂತ ಬಂದ, ಅಂಚು ಬಿಚ್ಚಿತು ಅಂತ ಬಂದ. ಕೊನೆಗೆ ಯಾವ ಬಟ್ಟೆಯೂ ಇಲ್ಲದೆ ಬರಿಗೈಯಲ್ಲಿ ಬಂದು, ಕಾಫಿ ಕುಡಿಯೋಣ್ವಾ ಅಂತ ಕೇಳಿದ. ಚಳಿಗಾಲ ಕಳೆದು ವಸಂತ ಬರುವ ಹೊತ್ತಿಗೆ ಅವರಿಬ್ಬರೂ ವಾರದ ರಜೆಯನ್ನು ಒಂದೇ ದಿನಕ್ಕೆ ಹೊಂದಿಸಿಕೊಂಡಿದ್ದರು. ಆದರೆ ಇದು ಏನು, ಎಲ್ಲಿಗೆ ಹೊರಟಿದೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಮಗಳು ಮರೂಲಾಳ ಮದುವೆ ಗೊತ್ತಾಯಿತು.

"ಮದುವೆಗೆ ಮುಂಚೆ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಒಂದು ಸಲ ಕ್ಯಾಸಿನೊಗೆ ಹೋಗ್ಬೇಕು ಕಣೇ," ಅಂದಳು ಮರೂಲಾ. "ಈ ಲಂಡನ್ನಲ್ಲಿ ಬೇಕಾದಷ್ಟಿವೆ, ಯಾವುದು ಅಂತ ಆರಿಸೋದು ನಿನ್ನ ಕೆಲಸ. ಡೀಲರನ್ನೇ ಕೈಯಲ್ಲಿ ಇಟ್ಟುಕೊಂಡಿದೀಯಲ್ಲ."

ಎಲ್ಪಿಡಾ ಎಮ್ರಿಸ್‌ನನ್ನು ಕೇಳಿದಳು. ಅವನು ಖುಷಿಯಿಂದಲೇ ಶುರುಮಾಡಿದ.

"ಮೇಫೇರ್ ಕಡೆ ಹೋಗ್ಬೇಡಿ, ಅಲ್ಲಿ ಮುಖ ನೋಡೋಕೆ ಮುಂಚೆ ಚಪ್ಪಲಿ ನೋಡ್ತಾರೆ. ನದಿ ಪಕ್ಕದ್ದು ಬರೀ ಪ್ರವಾಸಿಗಳ ಸಂತೆ. ಪೂರ್ವದ ಕಡೆ ಆ ದೊಡ್ಡ ಅಂಗಡಿಗಳ ಕಟ್ಟಡದಲ್ಲಿ ಒಂದಿದೆ ನೋಡು, ಊಟ ಚೆನ್ನಾಗಿರುತ್ತೆ. ಹೊಸಬರು ತಡವರಿಸಿದ್ರೂ ಯಾರೂ ಸಿಡುಕಲ್ಲ. ನಿಮ್ಮ ಗುಂಪಿಗೆ ಅದೇ ಸರಿ."

"ಮತ್ತೆ ಸೋಹೋದಲ್ಲಿರೋ ನಿಮ್ಮ ಗ್ರೀನ್ ಲ್ಯಾಂಟರ್ನ್?"

ಅವನು ಎತ್ತಿದ ಲೋಟ ಹಾಗೇ ನಿಂತಿತು.

"ನಮ್ಮದು ಬೇಡ."

"ಯಾಕೆ?"

"ಅದನ್ನ ಆಮೇಲೆ ಹೇಳ್ತೀನಿ. ಸ್ವಲ್ಪ ದಿನ ಬಿಡು."

ಪ್ರೀತಿ ಏನನ್ನು ಬೇಕಾದರೂ ತಡೆದುಕೊಳ್ಳುತ್ತದೆ, ಈ 'ಆಮೇಲೆ'ಯನ್ನು ಮಾತ್ರ ತಡೆದುಕೊಳ್ಳುವುದಿಲ್ಲ. ಎಲ್ಪಿಡಾಳ ಎದೆಯಲ್ಲಿ ಏನೋ ಚುಚ್ಚಿತು. ಮರೂಲಾ ಅದಕ್ಕೆ ಉಪ್ಪು ಖಾರ ಹಚ್ಚಿದಳು.

"ಅಲ್ಲಿ ಇನ್ಯಾರೋ ಇರ್ತಾಳೆ. ಇಲ್ಲಾಂದ್ರೆ ಸೂಜಿ ದಾರದವಳು ನನ್ನ ಹುಡುಗಿ ಅಂತ ತೋರಿಸಿಕೊಳ್ಳೋಕೆ ಅವನಿಗೆ ನಾಚಿಕೆ. ಎರಡರಲ್ಲಿ ಒಂದು, ಬರೆದಿಟ್ಕೋ."

'ಛೆ, ಅವನು ಅಂಥವನಲ್ಲ...' ಅಂದುಕೊಂಡಳು ಎಲ್ಪಿಡಾ. ಹಾಗೆ ಅಂದುಕೊಳ್ಳುತ್ತಲೇ ಗ್ರೀನ್ ಲ್ಯಾಂಟರ್ನಿಗೆ ಫೋನ್ ಮಾಡಿ ಶನಿವಾರ ಸಂಜೆಗೆ ಜಾಗ ಕಾದಿರಿಸಿದಳು.

ಒಳಗೆ ಕಾಲಿಟ್ಟಾಗ ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ಕಿಟಕಿಯೇ ಇರಲಿಲ್ಲ. ಮೂಲೆಯಲ್ಲಿ ಸಂಖ್ಯೆಯ ಚಕ್ರ ತಿರುಗಿಸುವ ರೂಲೆಟ್ ಮೇಜಿನ ಹಿಂದೆ, ಅವಳೇ ಜೇಬು ಹೊಲಿದ ಕೋಟು ತೊಟ್ಟು ಎಮ್ರಿಸ್ ನಿಂತಿದ್ದ.

ಅವಳು ನಗುತ್ತಾ ನೇರವಾಗಿ ಹೋಗಿ ಅವನ ಎದುರಿಗೇ ಕೂತಳು.

ಅವನು ಅವಳನ್ನು ನೋಡಿದ. ಮುಖದ ಬಣ್ಣ ಒಂದು ಕ್ಷಣ ಬದಲಾಯಿತು. ಬಾಯಿ ಏನೋ ಹೇಳಲು ತೆರೆಯಿತು, ಮತ್ತೆ ಮುಚ್ಚಿತು.

"ಮೇಡಂ, ನಿಮ್ಮ ಬಿಲ್ಲೆ ಇಡಿ," ಅಂದ.

ಮೇಡಂ...

ಪಕ್ಕದಲ್ಲಿದ್ದ ಮರೂಲಾ ಮೊಣಕೈಯಿಂದ ತಿವಿದು, "ನಾನು ಹೇಳಲಿಲ್ವಾ?" ಅಂದಳು. ಗೆಳತಿಯರು ಮುಖ ಮುಖ ನೋಡಿಕೊಂಡರು. ಅವಮಾನದಿಂದ ಎಲ್ಪಿಡಾಳ ಕಿವಿ ಬಿಸಿಯಾಯಿತು. ಕಣ್ಣಿಗೆ ಬಿದ್ದ ಒಂದು ಸಂಖ್ಯೆಯ ಮೇಲೆ ಬಿಲ್ಲೆಗಳನ್ನೆಲ್ಲ ಸುರಿದಳು. ಚಕ್ರ ತಿರುಗಿತು, ಬಿಳಿ ಗುಂಡು ಕುಣಿಯಿತು, ಕುಣಿದು ಕುಣಿದು ಸರಿಯಾಗಿ ಅದೇ ಮನೆಯಲ್ಲಿ ಬಿತ್ತು.

ಮೇಜಿನ ಸುತ್ತ ಗದ್ದಲವೋ ಗದ್ದಲ. ಆ ಗದ್ದಲದಲ್ಲಿ ಎಲ್ಪಿಡಾಳ ನಾಲಗೆ ಜಾರಿತು. ಜಾರಿತು ಅನ್ನುವುದೂ ಸುಳ್ಳೇ, ಅವಳು ಬೇಕೆಂದೇ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಚಕ್ರ ತಿರುಗಿಸ್ತಿರೋನು ನನ್ನ ಹುಡುಗ. ಗೆಲ್ಲದೇ ಇರ್ತೀನಾ?"

ಯಾರೂ ನಗಲಿಲ್ಲ.

ಮೇಜಿನ ಮೇಲ್ವಿಚಾರಕಿ ಮಿಸೆಸ್ ಟ್ಯಾಲಕ್ ಎಲ್ಲಿಂದಲೋ ಬಂದು ಎಮ್ರಿಸ್‌ನ ಭುಜ ಮುಟ್ಟಿದಳು. ಆಟ ನಿಂತಿತು. ಎಮ್ರಿಸ್ ಅಂಗೈ ತಟ್ಟಿ, ಎರಡೂ ಕೈ ಮಗುಚಿ ತೋರಿಸಿ, ಮೇಜು ಬಿಟ್ಟು ಹೊರಟ. ಎಲ್ಪಿಡಾಳತ್ತ ತಿರುಗಿ ನೋಡಲಿಲ್ಲ. ಅಂಗಡಿಯಲ್ಲಿ ಅವಳನ್ನು ನಗಿಸಿದ್ದ ಅದೇ ಕೈಗಳು ಇವತ್ತು ಕಳ್ಳತನದ ಅನುಮಾನಕ್ಕೆ ಉತ್ತರ ಕೊಡುತ್ತಿದ್ದವು.

'ಅಯ್ಯೋ, ಏನು ಮಾಡಿಬಿಟ್ಟೆ ನಾನು...'

ಆಮೇಲಿನ ದಿನಗಳಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ಫೋನ್ ಎತ್ತುತ್ತಿದ್ದಳು, ಇಡುತ್ತಿದ್ದಳು. ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಅವನೂ ಫೋನ್ ಮಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರೂಲಾ ಕೂಡ ಸಪ್ಪೆ ಮುಖ ಹಾಕಿಕೊಂಡು ಬಂದು, "ನನ್ನ ಬಾಯಿಗೆ ಬೆಂಕಿ ಹಾಕ," ಅಂದಳು.

"ನೀನು ಅಂದೆ ಅಷ್ಟೇ. ನಂಬಿದೋಳು ನಾನಲ್ವಾ?" ಅಂದಳು ಎಲ್ಪಿಡಾ.

ಒಂದು ಬೆಳಿಗ್ಗೆ ಅಂಗಡಿಗೆ ಬಂದಾಗ ಅವಳ ಮೇಜಿನ ಮೇಲೆ ಪರಿಚಿತ ಕೋಟೊಂದು ಮಡಚಿಟ್ಟಿತ್ತು.

"ಆ ಹುಡುಗ ಬಂದಿದ್ದ," ಅಂದಳು ಅತ್ತೆ, ಕನ್ನಡಕದ ಮೇಲಿಂದ ನೋಡುತ್ತಾ. "ಸಂಜೆ ಬಂದು ತಗೊಂಡು ಹೋಗ್ತಾನಂತೆ. ಜೇಬುಗಳನ್ನ ಬಿಚ್ಚಿಡ್ಬೇಕಂತೆ."

ಜೇಬು ಬಿಚ್ಚಬೇಕು. ಅಂದರೆ ಅವನು ಇನ್ನು ಡೀಲರ್ ಅಲ್ಲ.

ಎಲ್ಪಿಡಾ ಕತ್ತರಿ ಕೈಗೆತ್ತಿಕೊಂಡಳು. ತನ್ನದೇ ಹೊಲಿಗೆ... ಆ ದಿನ ನಗುನಗುತ್ತಾ ಹಾಕಿದ ಸಣ್ಣ ಸಣ್ಣ ಹೊಲಿಗೆ. ಕಣ್ಣು ಮಂಜಾಯಿತು. ಅವನ ಅನ್ನಕ್ಕೆ ಕಲ್ಲು ಹಾಕಿದವಳು ತಾನು, ಈಗ ಅದನ್ನು ತನ್ನ ಕೈಯಿಂದಲೇ ಮುಗಿಸಬೇಕು. ಕತ್ತರಿ ಆಡಲಿಲ್ಲ.

ಕೋಟನ್ನು ಎದೆಗವಚಿಕೊಂಡು ಎದ್ದಳು.

"ಎಲ್ಲಿಗೇ?" ಅಂದಳು ಅತ್ತೆ.

"ತಪ್ಪು ಒಪ್ಪಿಕೊಳ್ಳೋಕೆ."

ಹಗಲಿನ ಗ್ರೀನ್ ಲ್ಯಾಂಟರ್ನಿನಲ್ಲಿ ಗಿರಾಕಿಗಳು ವಿರಳ. ಮಿಸೆಸ್ ಟ್ಯಾಲಕ್ ಅವಳನ್ನು ಒಳಕೋಣೆಯಲ್ಲಿ ಕೂರಿಸಿ ಚಹಾ ತರಿಸಿದಳು. ಎಲ್ಪಿಡಾ ಚಹಾ ಮುಟ್ಟಲಿಲ್ಲ.

"ಅವನು ನನಗೆ ಯಾವ ಸಂಖ್ಯೆನೂ ಹೇಳಿಲ್ಲ ಮೇಡಂ. ಹೊಟ್ಟೆಕಿಚ್ಚಿಗೆ ಆ ಮಾತಂದೆ."

"ಗೊತ್ತು. ಕ್ಯಾಮೆರಾದಲ್ಲಿ ಎಲ್ಲಾ ನೋಡಿದೀವಿ, ಆಟದಲ್ಲಿ ಮೋಸ ಇಲ್ಲ. ಲಂಡನ್ನಲ್ಲಿ ಇಷ್ಟೊಂದು ಕ್ಯಾಸಿನೊ ಇರುವಾಗ ನೀವು ಇಲ್ಲಿಗೇ ಯಾಕೆ ಬಂದ್ರಿ?"

"ಅವನು ಬೇಡ ಅಂದಿದ್ದಕ್ಕೆ."

ಮಿಸೆಸ್ ಟ್ಯಾಲಕ್ ಹುಬ್ಬೇರಿಸಿದಳು.

"ಅನುಮಾನ ಪಟ್ಟೆ ಮೇಡಂ. ಅವನನ್ನ ಹಿಡೀಬೇಕು ಅಂತಲೇ ಇದನ್ನ ಆರಿಸಿದೆ."

ಹೇಳಿ ಮುಗಿಸುವಾಗ ಅವಳ ತಲೆ ಪೂರ್ತಿ ಕೆಳಗಿತ್ತು.

"ನೋಡಮ್ಮಾ, ನಮ್ಮ ನಿಯಮ ಒಂದೇ," ಅಂದಳು ಮಿಸೆಸ್ ಟ್ಯಾಲಕ್, ಈಗ ಸ್ವಲ್ಪ ಮೆತ್ತಗೆ. "ಗೊತ್ತಿರೋರು ಮೇಜಿಗೆ ಬಂದ್ರೆ ಡೀಲರ್ ಆ ಕ್ಷಣವೇ ನನಗೆ ಹೇಳ್ಬೇಕು. ಅವರು ಯಾರು, ಏನಾಗ್ಬೇಕು ಅಂತ. ನಾನು ಅವನನ್ನ ಬೇರೆ ಮೇಜಿಗೆ ಕಳಿಸ್ತೀನಿ, ಅಲ್ಲಿಗೆ ಮುಗೀತು. ಅವನು ಹೇಳಲಿಲ್ಲ. ಆಮೇಲೆ ನಾನೇ ಕರೆದು ಕೇಳಿದೆ, ಆ ಹುಡುಗಿ ನಿನಗೆ ಏನಾಗ್ಬೇಕು ಅಂತ. ಎಚ್ಚರಿಕೆ ಕೊಟ್ಟು ವಾಪಸ್ ತಗೋತಿದ್ದೆ, ಉತ್ತರ ಕೊಟ್ಟಿದ್ರೆ. 'ಅದನ್ನ ಮೊದಲು ಅವಳ ಹತ್ರ ಕೇಳ್ಬೇಕು, ಅವಳಿಗಿಂತ ಮುಂಚೆ ನಿಮಗೆ ಹೇಳಲ್ಲ' ಅಂದ. ಮೊಂಡ."

ಎಲ್ಪಿಡಾಳ ಕೈ ಕೋಟನ್ನು ಗಟ್ಟಿಯಾಗಿ ಹಿಡಿಯಿತು. ಆ 'ಆಮೇಲೆ' ಇದಾಗಿತ್ತು. ಬೇರೆ ಯಾವಳೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವಳನ್ನು ಕೇಳದೆ ಅವಳಿಗೊಂದು ಹೆಸರಿಡಲು ಅವನಿಗೆ ಮನಸ್ಸಾಗಿರಲಿಲ್ಲ, ಅಷ್ಟೇ.

"ಹೊತ್ತು ಮೀರಿಹೋಯ್ತಾ ಮೇಡಂ?"

"ನಾಳೆವರೆಗೂ ಆ ಜಾಗಕ್ಕೆ ಯಾರನ್ನೂ ಹಾಕಲ್ಲ. ಹೋಗಿ ಹೇಳು ಆ ಮೊಂಡನಿಗೆ."

ಸಂಜೆ ಅಂಗಡಿಯ ಬಾಗಿಲ ಗಂಟೆ ಸದ್ದಾಯಿತು. ಎಮ್ರಿಸ್ ಒಳಗೆ ಬಂದ. ಅವಳು ಇರಲಾರಳು ಅಂದುಕೊಂಡಿದ್ದನೋ ಏನೋ, ಬಾಗಿಲಲ್ಲೇ ನಿಂತ. ಅತ್ತೆಗೆ ಇದ್ದಕ್ಕಿದ್ದಂತೆ ಒಳಗೆ ಕೆಲಸ ನೆನಪಾಯಿತು.

"ಜೇಬು ಬಿಚ್ಚಿದ್ಯಾ?"

"ಇಲ್ಲ. ಬಿಚ್ಚಲ್ಲ."

"ಎಲ್ಪಿಡಾ..."

"ಮೊದಲು ನನ್ನ ಮಾತು ಕೇಳು. ನಿನ್ನ ಮೇಲೆ ಅನುಮಾನ ಪಟ್ಟು ಅಲ್ಲಿಗೆ ಬಂದೆ. ಎಲ್ಲರ ಮುಂದೆ ನಿನ್ನನ್ನ ಕಳ್ಳನ ಹಾಗೆ ನಿಲ್ಲಿಸಿದೆ. ಇವತ್ತು ಅಲ್ಲಿಗೆ ಹೋಗಿ ಇದನ್ನೇ ಹೇಳಿದೆ. ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗ್ತಿದೆ."

ಅವನು ಕೌಂಟರಿನ ಹತ್ತಿರ ಬಂದ.

"ತಪ್ಪು ನಂದೂ ಇದೆ," ಅಂದ. "ನೀನು ಎದುರಿಗೆ ಕೂತಾಗ ತಿರುಗಿ ಒಂದು ಮಾತು ಹೇಳಿದ್ರೆ ಸಾಕಿತ್ತು. ಇವಳು ನನ್ನೋಳು ಅಂತ. ಬಾಯಿಗೆ ಬಂದಿತ್ತು. ನೀನು ಅಲ್ಲ ಅಂದ್ಬಿಟ್ರೆ ಅಂತ ಹೆದರಿ, ಮೇಡಂ ಅಂದೆ."

"ಆ ಮೇಡಂ ಕೇಳಿ ನನ್ನ ಜೀವ ಹೋಯ್ತು."

"ಹೇಳಿ ನಂದೂ ಹೋಯ್ತು."

ಇಬ್ಬರ ಮುಖದಲ್ಲೂ ನಗು ಬರಲೋ ಬೇಡವೋ ಅನ್ನುವಂತೆ ಬಂತು. ಅವಳು ಕೋಟನ್ನು ಅವನ ಮುಂದೆ ಸರಿಸಿದಳು.

"ನಾಳೆ ಮಿಸೆಸ್ ಟ್ಯಾಲಕ್ ಮತ್ತೆ ಅದೇ ಕೇಳ್ತಾರೆ. ಉತ್ತರ ಹೇಳಿದ್ರೆ ಕೆಲಸ ಇದೆ."

ಎಮ್ರಿಸ್ ಕೋಟು ಮುಟ್ಟಲಿಲ್ಲ. ಅಂಗೈಗಳನ್ನು ಒಮ್ಮೆ ತಟ್ಟಿ, ಎರಡನ್ನೂ ಮಗುಚಿ ಅವಳ ಮುಂದೆ ಹಿಡಿದ.

"ನೋಡು, ಏನೂ ಇಲ್ಲ. ಉಂಗುರ ಕೂಡ ಇಲ್ಲ."

"ಜೇಬಿಲ್ಲದವನ ಹತ್ರ ಉಂಗುರ ಎಲ್ಲಿಂದ ಬರುತ್ತೆ? ಕೇಳೋದನ್ನ ಕೇಳು."

"ಎಲ್ಪಿಡಾ, ನೀನು ನನಗೆ ಏನಾಗ್ಬೇಕು?"

ಅವಳು ಆ ಖಾಲಿ ಕೈಗಳಲ್ಲಿ ತನ್ನೆರಡೂ ಕೈ ಇಟ್ಟಳು.

"ಹೆಂಡತಿ," ಅಂದಳು. "ಹೋಗಿ ಹೇಳು ಅವರಿಗೆ. ಜೇಬು ತಡಕೋ ಕೆಲಸ ಮಾತ್ರ ಇಲ್ಲದ ಹೆಂಡತಿ ಅಂತ."