ಹಸಿಗೋಡೆ

“ನಾಳೆ ಸಂಜೆಯೊಳಗೆ ಮಾಳಿಗೆ ಮುಗೀಬೇಕು! ಇಲ್ಲಾಂದ್ರೆ ನೀನೂ ನಿನ್ನ ಹೆಂಡ್ತೀನೂ ಕೊಟ್ಟಿಗೇಲಿ ಮಲ್ಕೊಳ್ಳಿ!” ಅತ್ತೆ ಹೊಸಿಯತ್ ಅಂಗಳದಲ್ಲಿ ನಿಂತು ಮಗನ ಮೇಲೆ ಕೂಗಿದಾಗ, ಐದು ತಿಂಗಳ ಬಸುರಿ ಆಯ್ದಿನ್ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

ಮೈದುನ ನೋದಿರನ ಮದುವೆಗೆ ಇನ್ನು ಎಂಟೇ ದಿನ. ಹೊಸ ಸೊಸೆಗೆ ಇವರಿದ್ದ ದೊಡ್ಡ ಕೋಣೆ ತೆರವಾಗಬೇಕು; ಅದಕ್ಕೇ ಆಯ್ದಿನ್‌ಳ ಗಂಡ ಎರ್ಗಾಶ್ ಹಿತ್ತಲಲ್ಲಿ ಮಣ್ಣಿನ ಗೋಡೆಯ, ಮಣ್ಣು ಹೊದಿಸುವ ಮಾಳಿಗೆಯ ಬೇರೆ ಮನೆ ಕಟ್ಟುತ್ತಿದ್ದ. ಫರ್ಗಾನಾ ಕಣಿವೆಯ ಆ ಊರಿನಲ್ಲಿ ಅವನು ಎಬ್ಬಿಸಿದ ಗೋಡೆಯನ್ನು ಜನ ಕಣ್ಣುಮುಚ್ಚಿ ನಂಬುತ್ತಿದ್ದರು. ಬೇರೆಯವರು ಹದಿನೈದು ದಿನದಲ್ಲಿ ಮುಗಿಸುವುದಕ್ಕೆ ಅವನು ಗೋಡೆ ಪೂರ್ತಿ ಒಣಗಲೆಂದು ಕಾದು ಎರಡು ತಿಂಗಳು ಹಿಡಿಯುತ್ತಿದ್ದ. ಈ ಸಲವಂತೂ ಬಿಸಿಲೇ ಇರಲಿಲ್ಲ.

“ಅಮ್ಮ, ಗೋಡೆ ಒಳಗಿನ್ನೂ ಹಸಿ ಇದೆ. ಅಷ್ಟು ಮಣ್ಣಿನ ಭಾರ ತಡ್ಕೊಳ್ಳಲ್ಲ. ಚಳಿ ಕಳೀಲಿ ಬಿಡು.”

“ಊರೋರಿಗೆಲ್ಲ ಕಟ್ಕೊಡ್ತೀಯ, ತಮ್ಮನಿಗೆ ಜಾಗ ಬಿಡು ಅಂದ್ರೆ ಮಾತ್ರ ಗೋಡೆ ಒಣಗಲ್ಲ! ಕಿವಿ ಊದಿದೋರು ಯಾರು ಅಂತ ನಂಗೊತ್ತಿಲ್ವಾ?” ಅತ್ತೆಯ ಕಣ್ಣು ಆಯ್ದಿನ್‌ಳನ್ನು ಇರಿಯಿತು.

ಅವಳು ಒಳಗೆ ಬಂದ ಗಂಡನ ಮುಂದೆ ಬಿಕ್ಕಿದಳು. “ಮಾಳಿಗೆ ಹಾಕಿಬಿಡ್ರೀ... ದಿನಾ ಈ ಮಾತು ಕೇಳೋಕಾಗಲ್ಲ ನಂಗೆ!”

ಎರ್ಗಾಶ್ ಎದ್ದುಹೋಗಿ, ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ, ಒದ್ದೆ ಗೋಡೆಯ ಮೇಲೆ ಜಂತೆಗಳನ್ನಿಟ್ಟ. ನೆರೆಹೊರೆಯವರು ಸೇರಿ ಮಣ್ಣು ಹೊತ್ತರು. ಹೇಳಿದ ಹೊತ್ತಿಗೆ ಮಾಳಿಗೆ ಮುಗಿಯಿತು.

ಮದುವೆಯ ಬೆಳಿಗ್ಗೆ ಕಡಾಯಿಯಲ್ಲಿ ಪಲಾವ್ ಬೇಯುತ್ತಿತ್ತು. ಹೊಸಿಯತ್ ಹೊಸ ಮನೆಯೊಳಗೆ ಹಾಸಿಗೆ ಪೇರಿಸುತ್ತಿದ್ದಳು. ಬಾಗಿಲಿಗೆ ಬಂದ ಎರ್ಗಾಶ್‌ಗೆ ಮೂಲೆಯ ಗೋಡೆ ಉಬ್ಬಿ ನಿಂತದ್ದು ಕಂಡಿತು. “ಅಮ್ಮಾ, ಹೊರಗೆ ಬಾ!” ಎನ್ನುತ್ತಲೇ ಒಳನುಗ್ಗಿ ತಾಯಿಯನ್ನು ಹೊರಕ್ಕೆ ನೂಕಿದ. ಅಷ್ಟೇ... ಮಾಳಿಗೆ ಕುಸಿದುಬಿತ್ತು. ಧೂಳು ಅಡಗಿದಾಗ ತೊಲೆಯ ಕೆಳಗೆ ಅವನ ಬಲಗೈ ಸಿಕ್ಕಿಕೊಂಡಿತ್ತು.

ಆ ಕೈಯನ್ನು ಮೊಣಕೈಯವರೆಗೆ ಕತ್ತರಿಸಿ ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಕಾಲು ಹಿಡಿದು ಹೊಸಿಯತ್ ಗೋಳಾಡಿದಳು. “ನನ್ನ ಹಠ ನಿನ್ನ ಕೈ ತಿಂದ್ಹಾಕ್ತಲ್ಲೋ ಮಗನೇ!”

“ಹೇಳಿದೋಳು ನೀನು. ಗೊತ್ತಿದ್ದೂ ಕಟ್ಟಿದೋನು ನಾನು,” ಎಂದ ಎರ್ಗಾಶ್ ಗೋಡೆಯ ಕಡೆ ಹೊರಳಿದ.

ಆಯ್ದಿನ್‌ಗೆ ತಡೆಯಲಾಗಲಿಲ್ಲ. “ನಾನೂ ಹೇಳಿದ್ದೆ ಅತ್ತೆ... ನಾನೂ ಅತ್ತು ಕಾಡಿದ್ದೆ!” ಹೊಸಿಯತ್ ಸೊಸೆಯ ಮುಖ ನೋಡಿದಳು. ಬಯ್ಯಲಿಲ್ಲ. ಎಳೆದು ತನ್ನ ಎದೆಗೊತ್ತಿಕೊಂಡಳು.

ವಸಂತ ಬಂತು. ತೊಟ್ಟಿಲಲ್ಲಿ ಹಸುಗೂಸು ಮಲಗಿತ್ತು. ಅತ್ತೆ ಬರಿಗಾಲಲ್ಲಿ ಹುಲ್ಲು ಬೆರೆಸಿದ ಮಣ್ಣು ತುಳಿಯುತ್ತಿದ್ದಳು, ಆಯ್ದಿನ್ ಬಿದ್ದ ಮನೆಯ ಗೋಡೆಗೆ ಮತ್ತೆ ಇಟ್ಟಿಗೆ ಇಡುತ್ತಿದ್ದಳು. ಎರ್ಗಾಶ್ ಪಕ್ಕದಲ್ಲಿ ಕೂತು ನೋಡುತ್ತಿದ್ದ.

“ಸಾಲು ಬಾಗಿದೆ. ತೆಗಿ.”

ಅವಳು ಆ ಸಾಲಿನ ಆರೂ ಇಟ್ಟಿಗೆ ಕಿತ್ತಳು. ಒಂದು ಜಾರಿ ಉರುಳಿತು. ಅದನ್ನು ಹಿಡಿಯಲು ಎರ್ಗಾಶ್ ಥಟ್ಟನೆ ಬಲಕ್ಕೆ ಬಾಗಿದ... ಅಂಗಿಯ ಖಾಲಿ ತೋಳು ಗಾಳಿಯಲ್ಲಿ ತೂಗಾಡಿತು.

ಆಯ್ದಿನ್ ಕಂಡೂ ಕಾಣದಂತೆ ಆ ಇಟ್ಟಿಗೆಯನ್ನು ಎತ್ತಿಕೊಂಡಳು. ಮಣ್ಣು ಒರೆಸಿ ಅವನ ಮುಂದೆ ಹಿಡಿದಳು.

“ಇದನ್ನ ಹೇಗಿಡ್ಲಿ, ಹೇಳ್ಕೊಡ್ರಿ.”