ಹೊದಿಕೆ ಮಡಚಿಟ್ಟ ಕಳ್ಳ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯ ರಕ್ತನಿಧಿಯ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗಾಲಯದ ಡ್ರೈ ಬ್ಲಾಕ್ ಹೀಟರ್ ಕಳುವಾಗಿತ್ತು. ರೋಗಿಗೆ ರಕ್ತ ಕೊಡುವ ಮುನ್ನ ಹೊಂದಾಣಿಕೆ ನೋಡಲು ಮಾದರಿಗಳನ್ನು ಮೈಯ ಬಿಸಿಯಷ್ಟಕ್ಕೆ, ಅಂದರೆ ಮೂವತ್ತೇಳು ಡಿಗ್ರಿಗೆ, ಕಾಯಿಸುವ ಯಂತ್ರವದು. ಟ್ಯೂಬು ಕೂರಿಸಲು ಗುಳಿಗಳಿರುವ ಲೋಹದ ಗಟ್ಟಿ, ನೀರಿನ ಗೊಡವೆಯಿಲ್ಲ. ಊಟದ ಡಬ್ಬಿಗಿಂತ ತುಸು ದೊಡ್ಡದು.

“ಇನ್ನೊಂದು ರಿಪೇರಿಗೆ ಹೋಗಿದೆ ಸರ್. ಸಂಜೆ ಒಂದು ಮಗುವಿನ ಆಪರೇಷನ್ ಇದೆ. ಹೊಂದಾಣಿಕೆ ನೋಡದೆ ರಕ್ತ ಕೊಡೋ ಹಾಗಿಲ್ಲ.”

“ಯಾರ ಮೇಲಾದರೂ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

ಆಕೆ ತಡವರಿಸಿದರು. “ಹೇಳಿದ್ರೆ ನಗ್ತೀರ. ಈಚೆಗೆ ಬೆಳಿಗ್ಗೆ ಬಾಗಿಲು ತೆಗೆದರೆ ಯಂತ್ರ ಬೆಚ್ಚಗೇ ಇರೋದು. ಆಫ್ ಮಾಡಿ, ಬೀಗ ಹಾಕಿಯೇ ಹೋಗ್ತೀವಿ. ಕಸ ಗುಡಿಸೋಳು ಒಳಗೆ ಕಾಲಿಡೋದೇ ಬಿಟ್ಟಿದ್ದಾಳೆ.”

“ದೆವ್ವಕ್ಕೂ ಚಳಿ ಆಗುತ್ತೇನೋ ಬಿಡಿ,” ಎಂದ ಹೆಡ್ ಕಾನ್‌ಸ್ಟೆಬಲ್. ಯಾರೂ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು.

ಪೊಲೀಸರು ಹೋಗಿ ನೋಡಿದಾಗ ಪ್ರಯೋಗಾಲಯದ ಬೀಗ ಮುರಿದಿರಲಿಲ್ಲ. ಪಕ್ಕದಲ್ಲಿದ್ದ ದುಬಾರಿ ಸೂಕ್ಷ್ಮದರ್ಶಕವನ್ನು ಯಾರೂ ಮುಟ್ಟಿರಲಿಲ್ಲ. ಖಾಲಿ ಜಾಗದಲ್ಲಿ ಯಂತ್ರದ ಧೂಳಿನ ಹೊದಿಕೆ ನಾಲ್ಕು ಮಡಿಕೆಯಾಗಿ ಕೂತಿತ್ತು.

“ಕಳ್ಳ ಬಟ್ಟೆ ಮಡಚಿಟ್ಟು ಹೋಗ್ತಾನೇನ್ರೀ?” ಎಂದರು ಇನ್‌ಸ್ಪೆಕ್ಟರ್.

“ಬೇಲಿನೇ ಎದ್ದು ಹೊಲ ಮೇಯ್ದಿದೆ ಸರ್,” ಎಂದ ಹೆಡ್ ಕಾನ್‌ಸ್ಟೆಬಲ್.

“ಮೇಡಂ, ಇದನ್ನ ದಿನಾ ಮಡಚೋದು ಯಾರು?”

ಮುಖ್ಯಸ್ಥೆಯ ಮುಖ ಬಿಳಿಚಿಕೊಂಡಿತು. “ನಮ್ಮ ಹಿರಿಯ ಟೆಕ್ನಿಷಿಯನ್. ಒಂದು ಬೀಗದ ಕೈ ಅವರ ಹತ್ರಾನೇ ಇರುತ್ತೆ. ಹೋದ ವಾರ ಅವರ ಮಗಳು ಇಲ್ಲೇ ವಾರ್ಡ್‌ನಲ್ಲಿ ತೀರಿಕೊಂಡಳು. ಬೇಡ ಅಂದ್ರೂ ಮರುದಿನವೇ ಕೆಲಸಕ್ಕೆ ಬಂದ್ರು. ಇವತ್ತು ಬಂದಿಲ್ಲ.”

“ಮಗಳ ರಕ್ತ ಇಲ್ಲಿತ್ತಾ?”

“ಪ್ರತಿ ರೋಗಿಯ ಮಾದರಿಯನ್ನೂ ಒಂದು ವಾರ ಫ್ರಿಜ್‌ನಲ್ಲಿ ಇಟ್ಟು ಆಮೇಲೆ ಎಸೀತೀವಿ. ಅವಳದ್ದು ಎಸೆಯೋ ದಿನ ಇವತ್ತು.”

ಫ್ರಿಜ್ ತೆಗೆದು ನೋಡಿದರು. ಆ ಒಂದು ಟ್ಯೂಬು ಇರಲಿಲ್ಲ.

ಹನ್ನೆರಡು ಗಂಟೆಗೆ ಟೆಕ್ನಿಷಿಯನ್ ಮನೆಯ ಬಾಗಿಲು ತಟ್ಟಿದರು. ಅವನ ಹೆಂಡತಿ ಬಾಗಿಲು ತೆರೆದು, “ಮೆಲ್ಲಗೆ ಮಾತಾಡಿ,” ಎಂದಳು. ಅದನ್ನು ಕೇಳಿ ಹೆಡ್ ಕಾನ್‌ಸ್ಟೆಬಲ್‌ಗೆ ಮೈ ಜುಮ್ಮೆಂದಿತು. ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಪುಟ್ಟ ಮಂಚದ ಪಕ್ಕದ ಸ್ಟೂಲಿನ ಮೇಲೆ ಯಂತ್ರವಿತ್ತು, ಅದರ ಮೇಲೆ ಕೆಂಪು ಅಂಕಿಗಳು ಉರಿಯುತ್ತಿದ್ದವು. ಅಷ್ಟೊಂದು ಗುಳಿಗಳಲ್ಲಿ ಒಂದರಲ್ಲಿ ಮಾತ್ರ ಟ್ಯೂಬಿತ್ತು.

“ರಾತ್ರಿ ಹೊತ್ತು ಆನ್ ಮಾಡ್ತಿದ್ದವನು ನೀನೇನಾ?” ಇನ್‌ಸ್ಪೆಕ್ಟರ್ ಕೇಳಿದರು.

“ಹೌದು ಸರ್.” ಮಂಚದ ಅಂಚಿನಲ್ಲಿ ಕೂತಿದ್ದ ಟೆಕ್ನಿಷಿಯನ್ ಎದ್ದು ನಿಂತ. “ಮಗಳನ್ನ ಶವಾಗಾರದ ಥಂಡಿಯಲ್ಲಿಟ್ರು. ರಕ್ತಾನೂ ಫ್ರಿಜ್‌ನಲ್ಲಿ. ರಾತ್ರಿ ತೆಗೆದು ಇದರಲ್ಲಿ ಬೆಚ್ಚಗಿಡ್ತಿದ್ದೆ. ಅವಳಿಗೆ ಮೊದಲೇ ಚಳಿ ತಡೆಯೋಕಾಗ್ತಿರಲಿಲ್ಲ.”

ಹೆಡ್ ಕಾನ್‌ಸ್ಟೆಬಲ್ ಲೋಹಕ್ಕೆ ಬೆರಳು ತಾಗಿಸಿ ಥಟ್ಟನೆ ಹಿಂತೆಗೆದ. “ಮಲಗಿರೋ ಮಗು ಮೈ ಮುಟ್ಟಿದ ಹಾಗಿದೆ ಸರ್.”

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆದರೂ ಹೇಳಲೇಬೇಕಿತ್ತು. “ಸಂಜೆ ಒಂದು ಮಗೂಗೆ ಆಪರೇಷನ್. ಇದಿಲ್ಲದೆ ರಕ್ತ ಕೊಡೋಕಾಗಲ್ಲವಂತೆ.”

“ಯಾವ ಗ್ರೂಪು?” ಎಂದು ಥಟ್ಟನೆ ಕೇಳಿದ ಟೆಕ್ನಿಷಿಯನ್. ಅವನು ಹೆಂಡತಿಯ ಮುಖ ನೋಡಿದ. ಅವಳು ಬೇಡ ಎನ್ನಲಿಲ್ಲ. ಟ್ಯೂಬನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಅವನೇ ಸ್ವಿಚ್ ಆರಿಸಿದ. ಅಂಕಿಗಳು ಹೋದವು. ಅವಳು ಮಂಚದ ಮೇಲೆ ಕುಸಿದು ಅತ್ತಳು.

ನೆರೆಯ ಇಬ್ಬರ ಸಮಕ್ಷಮ ಪಂಚನಾಮೆ ಮುಗಿಯಿತು. ಕೋರ್ಟಿನ ಅನುಮತಿಗೆ ತಾನೇ ಹೊಣೆ ಎಂದು ಇನ್‌ಸ್ಪೆಕ್ಟರ್ ಯಂತ್ರವನ್ನು ನೇರವಾಗಿ ಆಸ್ಪತ್ರೆಗೆ ಕಳಿಸಿದರು. ಆರೋಪಿಯನ್ನು ಬಂಧಿಸಿ ಜೀಪಿಗೆ ಹತ್ತಿಸಿದಾಗ ಮುಷ್ಟಿ ಬಿಚ್ಚು ಎಂದು ಯಾರೂ ಹೇಳಲಿಲ್ಲ.

ಠಾಣೆಯಲ್ಲಿ ಅವನೇ ಬಿಚ್ಚಿ ಟ್ಯೂಬನ್ನು ಒಪ್ಪಿಸಿದ. ಇನ್‌ಸ್ಪೆಕ್ಟರ್ ವರದಿ ಬರೆಯಲು ಕೂತರು. ಕಳವಿನ ಉದ್ದೇಶ: ಮಗಳಿಗೆ ಚಳಿಯಾಗಬಾರದೆಂದು.

“ಇದನ್ನ ಫ್ರಿಜ್‌ಗೆ ಕಳಿಸಬೇಕಲ್ವಾ ಸರ್?” ಹೆಡ್ ಕಾನ್‌ಸ್ಟೆಬಲ್ ಕೇಳಿದ.

“ಬರೆಯೋದು ಮುಗೀಲಿ. ಅಲ್ಲೀವರೆಗೆ ನೀವೇ ಹಿಡ್ಕೊಂಡಿರಿ.”

ಹೆಡ್ ಕಾನ್‌ಸ್ಟೆಬಲ್ ಟ್ಯೂಬಿನ ಸುತ್ತ ಎರಡೂ ಅಂಗೈ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತ. ಇನ್‌ಸ್ಪೆಕ್ಟರ್ ಆ ದಿನ ತುಂಬ ನಿಧಾನವಾಗಿ ಬರೆದರು.