ಕೂತಾಗಿನ ಎತ್ತರ

"ಸ್ವಲ್ಪ ನೆಟ್ಟಗೆ ಕೂತ್ಕೊಳಪ್ಪ. ಬೆನ್ನು ಗೋಡೆಗೆ ತಾಗ್ಲಿ."

ಗುರುತಿಲ್ಲದ ಗಂಡು ದನಿ! ಹಿತ್ತಲಿಂದ ಬಂದ ಜಯದೇವಿ ನಡುಮನೆಯ ಬಾಗಿಲಲ್ಲೇ ನಿಂತಳು.

ಅಣ್ಣ ಸೋಮಲಿಂಗ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ವಾಯುಪಡೆಯ ಅಧಿಕಾರಿಯೊಬ್ಬ ಅವನ ಕೂತ ಎತ್ತರ ಅಳೆದು ಬರೆದುಕೊಂಡು, ಮುಂದೆ ಮಂಡಿಯೂರಿ, ಸೊಂಟದಿಂದ ಮಂಡಿಯವರೆಗೆ ಅಳತೆ ತೆಗೆಯುತ್ತಿದ್ದ. ಕೈಯಲ್ಲಿದ್ದದ್ದು ಜಯದೇವಿಯ ಹೊಲಿಗೆ ಪೆಟ್ಟಿಗೆಯ ಹಳದಿ ಟೇಪು.

"ನಮ್ಮಣ್ಣನಿಗೆ ಪ್ಯಾಂಟು ಹೊಲಿಯೋಕೆ ಬಂದಿದೀರಾ?"

ಆತ ತಲೆಯೆತ್ತಿದ. ನಕ್ಕ.

"ಪ್ಯಾಂಟಲ್ಲ ರೀ, ವಿಮಾನ. ಅದ್ರಲ್ಲಿ ನಿಮ್ಮಣ್ಣ ಹಿಡಿಸ್ತಾನೋ ಇಲ್ವೋ ನೋಡ್ತಿದೀನಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ... ಎದೆಯಲ್ಲಿ ಬೇರೆ ಏನೋ ಆಯಿತು.

ಅದು ಸಾವಿರದ ಒಂಬೈನೂರ ಅರವತ್ತೊಂದು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಂದವನ ಹೆಸರು ರೇವಣಸಿದ್ದಪ್ಪ, ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುವ ಪೈಲಟ್. ಹಳೆಯ ಜೆಟ್‌ಗಳಿಗೆ ವಯಸ್ಸಾಗಿತ್ತು. ಹೊರದೇಶದ ಕಂಪನಿಗಳು ಮಾರಲು ತಂದ ಹೊಸ ಜೆಟ್‌ಗಳಲ್ಲಿ ಯಾವುದು ನಮಗಾಗುತ್ತದೆ ಎಂದು ಹೇಳುವವರಲ್ಲಿ ಅವನೂ ಒಬ್ಬ. ಆ ಹಳೆಯ ಜೆಟ್‌ಗಳನ್ನು ದಿನಾ ಹಾರಿಸುವವರಲ್ಲಿ ಸೋಮಲಿಂಗ ಒಬ್ಬ. ದಳದಲ್ಲೇ ಎತ್ತರದವನು, ಸ್ವಂತ ಮನೆಯ ಬಾಗಿಲಲ್ಲೂ ತಲೆ ಬಗ್ಗಿಸದೆ ಒಳಗೆ ಬರಲಾರ.

ರೇವಣಸಿದ್ದಪ್ಪ ಅವತ್ತು ಟೇಪನ್ನು ಮರೆತು ಜೇಬಿಗೆ ಹಾಕಿಕೊಂಡು ಹೋದ. ಕೊಡಲು ಬಂದೆ ಅಂತ ಮುಂದಿನ ಭಾನುವಾರ ಬಂದ, ಕೊಡುವುದು ಮರೆತು ಹೋದ. ಆಮೇಲಿನ ಭಾನುವಾರವೂ ಅದೇ ಕಥೆ. ಅಷ್ಟು ದೊಡ್ಡ ವಿಮಾನ ಹಾರಿಸುವವನಿಗೆ ಒಂದು ಟೇಪು ನೆನಪಿರುವುದಿಲ್ಲವೆಂದರೆ ಯಾರು ನಂಬುತ್ತಾರೆ? ತಾಯಿ ಮೀನಾಕ್ಷಮ್ಮ ನಂಬಲಿಲ್ಲ. ಹುಡುಗನ ಮನೆಯವರನ್ನು ಕರೆಸಿದರು, ನಿಶ್ಚಯವೂ ಆಯಿತು.

ಒಂದು ಸಂಜೆ ಸೋಮಲಿಂಗ ತಂಗಿಯ ಹತ್ತಿರ ಮಾತಿಗೆ ಹೇಳಿಬಿಟ್ಟ.

"ಹೊಸ ವಿಮಾನದಲ್ಲಿ ಸಿಡಿಯೋ ಸೀಟಿದೆ ಜಯಾ. ಇಂಜಿನ್ ಕೆಟ್ರೆ ಪೈಲಟ್‌ನನ್ನ ಸೀಟು ಸಮೇತ ಹೊರಗೆ ಚಿಮ್ಮಿಸುತ್ತೆ, ಪ್ಯಾರಾಚೂಟ್ ಬಿಚ್ಕೊಳ್ಳುತ್ತೆ. ನಮ್ಮ ಹಳೇದ್ರಲ್ಲಿ ಅದಿಲ್ಲ."

"ಮತ್ತೆ ಕೆಟ್ರೆ ಏನ್ ಮಾಡ್ತೀಯಾ?"

"ದೇವರಿದಾನೆ." ನಕ್ಕ. "ಎಲ್ಲಾರೂ ಹೊಸದು ಒಪ್ಪಿದಾರಂತೆ. ಒಬ್ರು ಮಾತ್ರ ಬೇಡ ಅಂತ ಕೂತಿದಾರೆ. ನಿನ್ನ ಸಾಹೇಬ್ರೇ."

ಜಯದೇವಿಗೆ ಆ ರಾತ್ರಿ ಊಟ ಸೇರಲಿಲ್ಲ. ಭಾನುವಾರ ಲಾಲ್‌ಬಾಗಿನಲ್ಲಿ ಕೇಳಿಯೇಬಿಟ್ಟಳು.

"ನೀವು ಹೂಂ ಅಂದ್ರೆ ನಮ್ಮಣ್ಣ ಆ ಡಬ್ಬದಿಂದ ಇಳೀತಾನೆ. ಯಾಕೆ ಅನ್ನಲ್ಲ?"

ರೇವಣಸಿದ್ದಪ್ಪನ ಮುಖ ಸಣ್ಣದಾಯಿತು.

"ಕೆಲಸದ ವಿಷಯ ಹೊರಗೆ ಹೇಳಬಾರದು ಜಯಾ. ನನ್ನನ್ನ ನಂಬು."

ನಂಬಿದಳು... ಆಷಾಢದವರೆಗೆ.

ಆಷಾಢದಲ್ಲಿ, ಹಾರುತ್ತಿದ್ದಾಗಲೇ ಸೋಮಲಿಂಗನ ಹಳೆಯ ಜೆಟ್‌ನ ಇಂಜಿನ್ ನಿಂತಿತು. ಕೆಳಗೆ ಊರಿತ್ತು. ಊರು ದಾಟಿಸಿ ಬಯಲಿಗೆ ತಂದ. ಚಿಮ್ಮಿ ಹೊರಬರಲು ಸೀಟಿರಲಿಲ್ಲ.

ಮನೆಯ ಅಂಗಳ ಜನರಿಂದ ತುಂಬಿತ್ತು. ಅವರಲ್ಲಿ ಸತ್ತವರನ್ನು ಕೂರಿಸಿಯೇ ಸಮಾಧಿ ಮಾಡುವುದು ಪದ್ಧತಿ. ಗುಂಡಿಯೊಳಗೆ ಕೂರಿಸಲು ಒಂದು ಗೂಡು ತೆಗೆಯಬೇಕು. ಗುಂಡಿ ತೋಡುವ ಹಿರಿಯ ಬಂದು ಮೆಲ್ಲಗೆ ಕೇಳಿದ.

"ಹುಡುಗ ಉದ್ದಾಳು ಅಂತಾರೆ. ಕೂತ್ರೆ ಎಷ್ಟೆತ್ತರ ಬರ್ತಾನೆ ಸಾಮಿ?"

ಯಾರಿಗೆ ಗೊತ್ತಿರುತ್ತದೆ? ಯಾವ ತಾಯಿ ಮಗನ ಕೂತ ಎತ್ತರ ಅಳೆದಿಟ್ಟಿರುತ್ತಾಳೆ?

"ಮೂವತ್ತೆಂಟು ಅಂಗುಲ."

ಗೋಡೆಯ ಪಕ್ಕದಿಂದ ರೇವಣಸಿದ್ದಪ್ಪನ ದನಿ. ಯೋಚಿಸದೆ ಬಾಯಿಗೆ ಬಂದದ್ದು.

ಜಯದೇವಿ ಎದ್ದು ಅವನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ಸೀಟಿಗೆ ಅಂತ ಅಳೆದ್ರಿ. ಸೀಟು ಬರೋಕೆ ಬಿಡ್ಲಿಲ್ಲ. ಈಗ ಸಮಾಧಿಗೆ ಅಳತೆ ಕೊಡ್ತಿದೀರಾ?"

ಬೀದಿಯ ಕಡೆ ಕೈ ತೋರಿಸಿದಳು.

"ಇನ್ನು ಈ ಮನೆಗೆ ಬರಬೇಡಿ."

ಅವನು ಬರಲಿಲ್ಲ. ಹೊಸ ವಿಮಾನಗಳು ಮಾತ್ರ ಮುಂದಿನ ವರ್ಷ ಬಂದವು. ಜಯನಗರದ ಆಕಾಶದಲ್ಲಿ ಅವು ಗುಡುಗಿದಾಗೆಲ್ಲ ಜಯದೇವಿ ಕಿಟಕಿ ಮುಚ್ಚುತ್ತಿದ್ದಳು. ಬಂದ ಸಂಬಂಧಗಳನ್ನು ಬೇಡವೆಂದಳು. ರವಿಕೆ ಹೊಲಿಯಲು ಪಕ್ಕದ ಮನೆಯಿಂದ ಟೇಪು ತರುತ್ತಿದ್ದಳು.

"ಇನ್ನೂ ಎಷ್ಟು ದಿನ ಇಸ್ಕೊಳ್ತೀಯೇ? ಒಂದು ಕೊಂಡ್ಕೋಬಾರದಾ?" ಎನ್ನುತ್ತಿದ್ದರು ಮೀನಾಕ್ಷಮ್ಮ.

ಜಯದೇವಿ ಸೂಜಿಗೆ ದಾರ ಪೋಣಿಸತೊಡಗುತ್ತಿದ್ದಳು. ರೇವಣಸಿದ್ದಪ್ಪನನ್ನು ಬಯ್ಯಬೇಕೆಂದಾಗಲೂ ಮೊದಲು ನೆನಪಾಗುತ್ತಿದ್ದದ್ದು ಅವನ ನಗುವೇ... ಆ ಸಂಕಟ ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ತಲೆ ಬಗ್ಗಿಸಿ ಒಳಗೆ ಬಂದರು. ಮೀನಾಕ್ಷಮ್ಮನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಆ ಬಾಗಿಲಲ್ಲಿ ಹಾಗೆ ಬಗ್ಗುತ್ತಿದ್ದವನು ಒಬ್ಬನೇ.

"ಅಮ್ಮ, ನಾನು ಕೊಟ್ರಪ್ಪ. ಸೋಮನ ಜೊತೆ ಹಾರುತ್ತಿದ್ದೋನು."

ಆತ ಚಾಪೆಯ ಮೇಲೆ ಕೂತು ತನ್ನ ಉದ್ದನೆಯ ಕಾಲುಗಳನ್ನು ಚಕ್ಕಳಮಕ್ಕಳ ಮಡಿಸಿಕೊಂಡ.

"ಹೋದ ತಿಂಗಳು ಹೊಸ ವಿಮಾನದ ಇಂಜಿನ್‌ಗೆ ಬೆಂಕಿ ಬಿತ್ತು. ಸೀಟು ನನ್ನ ಹೊರಗೆ ಚಿಮ್ಮಿಸ್ತು. ನೋಡಿ, ಮಂಡಿ ಎರಡೂ ನೆಟ್ಟಗಿದೆ. ಕಂಪನಿಯೋರು ಮೊದಲು ತಂದ ಸೀಟಾಗಿದ್ರೆ ಉದ್ದ ತೊಡೆಯೋರ ಮಂಡಿ ಮುಂದಿನ ಚೌಕಟ್ಟಿಗೆ ಬಡಿದು ಪುಡಿಯಾಗ್ತಿತ್ತು."

ಬಾಗಿಲ ಹಿಂದೆ ಜಯದೇವಿ ಕೇಳುತ್ತ ನಿಂತಿದ್ದಳು.

"ಅದಕ್ಕೇ ಬೇಡ ಅಂದಿದ್ರಾ ಅವ್ರು?" ಕೇಳಿದರು ಮೀನಾಕ್ಷಮ್ಮ.

"ಹೂಂ ಅಮ್ಮ. ದೊಡ್ಡೋರು ಹೇಳಿದ್ರಂತೆ, ಉದ್ದದ ಹುಡುಗರು ನಾಲ್ಕೇ ಜನ, ಅವರು ಹಳೇ ವಿಮಾನದಲ್ಲೇ ಇರ್ಲಿ, ಉಳಿದೋರಿಗೆ ಹೊಸದು ತಗೊಳ್ಳೋಣ ಅಂತ. ರೇವಣಸಿದ್ದಪ್ಪ ಸಾಹೇಬ್ರು ಒಪ್ಲಿಲ್ಲ. ಸೋಮನ ಅಳತೆ ಮೇಜಿನ ಮೇಲಿಟ್ಟು, ಈ ಹುಡುಗ ಹಿಡಿಸೋ ಸೀಟು ಮಾಡಿಕೊಡಿ, ಆಮೇಲೆ ರುಜು ಹಾಕ್ತೀನಿ ಅಂದ್ರು. ನಾನು ಕೂತಿದ್ದು ಸೋಮನ ಅಳತೆಯ ಸೀಟಲ್ಲಿ."

ಮೀನಾಕ್ಷಮ್ಮ ಕೈ ಚಾಚಿ ಆ ಹುಡುಗನ ಮಂಡಿಯನ್ನು ಸವರಿದರು.

ಜಯದೇವಿ ಹೊರಗೆ ಬಂದಳು.

"ಅವ್ರು ಎಲ್ಲಿದಾರೆ?"

"ಅಶೋಕ ಸ್ತಂಭದ ಹತ್ರ ನಿಂತಿದಾರೆ. ಬನ್ನಿ ಅಂದೆ. ಆ ಮನೆಗೆ ಬರೋ ಹಾಗಿಲ್ಲ ಅಂದ್ರು."

ಚಪ್ಪಲಿ ಮೆಟ್ಟುವುದನ್ನೂ ಮರೆತು ನಡೆದಳು. ರೇವಣಸಿದ್ದಪ್ಪ ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಸೊರಗಿಹೋಗಿದ್ದ.

"ಯಾಕೆ ಹೇಳ್ಲಿಲ್ಲ? ಆಮೇಲಾದ್ರೂ ಬಂದು ಹೇಳಬಹುದಿತ್ತಲ್ಲ?"

"ಏನಂತ ಹೇಳ್ಲಿ ಜಯಾ? ನಾನು ಹೂಂ ಅಂದಿದ್ರೆ ಸೋಮ ಹಳೇದ್ರಲ್ಲೇ ಇರ್ತಿದ್ದ, ಬೇಡ ಅಂದಿದ್ದಕ್ಕೂ ಅದ್ರಲ್ಲೇ ಹೋದ. ನನ್ನದು ಸರಿ ಅಂತ ನಿನ್ನ ಮುಂದೆ ವಾದಿಸೋಕೆ ನನಗೆ ಬಾಯಿ ಬರ್ಲಿಲ್ಲ."

ಅವಳು ಅತ್ತಳು. ಅಂಗಳದಲ್ಲಿ ಬಾರದಿದ್ದ ಅಳು ಬೀದಿಯಲ್ಲಿ ಬಂತು. ಅವನು ಜೇಬಿನಿಂದ ಕರ್ಚೀಫು ತೆಗೆಯಹೋದಾಗ ಅದರ ಜೊತೆ ಹಳದಿ ಟೇಪೂ ಬಂತು.

"ಇದು ನಿನ್ನದು. ಕೊಡಬೇಕಿತ್ತು," ಎಂದ ತಲೆ ತಗ್ಗಿಸಿ.

"ನಾನು ಇನ್ನೂ ಬೇರೆ ಕೊಂಡಿಲ್ಲ," ಎಂದಳು ಕಣ್ಣೊರೆಸಿಕೊಂಡು.

ಅವನು ಅವತ್ತು ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

"ಇಲ್ಲಿ ಬೇಡ. ಮನೆಗೆ ಬಂದು ಕೊಡಿ. ಅವ್ವ ಕಾಯ್ತಿದಾಳೆ."

ಇಬ್ಬರೂ ನಡೆದರು. ಮನೆಯ ಬಾಗಿಲಿಗೆ ಬಂದಾಗ ರೇವಣಸಿದ್ದಪ್ಪ ನಿಂತು, ತಲೆ ಬಗ್ಗಿಸಿದ.

"ನಿಮಗೆ ತಾಗಲ್ಲ ರೀ," ಎಂದಳು ಜಯದೇವಿ.

"ಗೊತ್ತು ಜಯಾ," ಎಂದು, ಹಾಗೆಯೇ ಬಗ್ಗಿ ಒಳಗೆ ಬಂದ.